ಹಂದಿ ಓಡಿಸೋಕೆ ರಿವಾಲ್ವರ್ ಯಾಕ್ರಿ?

"ಸರ, ಹೊಲದಾಗ ಹಂದಿ ಕಾಟ ಭಾಳ ಆಗೇತ್ರಿ. ಒಂದು ರಿವಾಲ್ವರ್ ತಗೋಬೇಕಂತೀನಿ. ಯಾವ ಬೋರಿಂದು ತಗೊಳ್ಳಲ್ರಿ?" ಉಪ್ಪಿನಬೆಟಗೇರಿಯ ಕಟ್ಟೆ ಮೇಲೆ ಇಂಥ ಪ್ರಶ್ನೆ ಎದ್ದರೆ ನಗಬೇಡಿ. ರಾತ್ರಿ ಹೊಲ ಕಾಯೋನಿಗೆ ಗೊತ್ತು, ಒಂದು ಹಿಂಡು ನುಗ್ಗಿದರೆ ಬೆಳಗ್ಗೆ ಗೋವಿನಜೋಳದ ಹೊಲದಲ್ಲಿ ಏನು ಉಳಿದಿರುತ್ತೆ ಅಂತ.

ನೋಡಿ ವೀಕ್ಷಕರೇ, ಮೊಬೈಲಿನಲ್ಲಿ ಅಮೆರಿಕದ ರೈತ ಸೊಂಟಕ್ಕೆ .357 ಮ್ಯಾಗ್ನಂ ಕಟ್ಟಿಕೊಂಡು ಓಡಾಡೋದು ಕಾಣುತ್ತೆ. ಆ ದೇಶದ ಕಾನೂನೇ ಬೇರೆ. ನಮ್ಮಲ್ಲಿ .38, .455 ರಿವಾಲ್ವರು, 9 ಎಂಎಂ ಪಿಸ್ತೂಲು, ಇವೆಲ್ಲ ನಿಷೇಧಿತ ಬೋರ್. ಸಾಮಾನ್ಯರಿಗೆ ಉಳಿಯೋದು ಮುಖ್ಯವಾಗಿ .22 ಮತ್ತು .32. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ ಅಂತ 'ನಿರ್ಭೀಕ್' ತಂತಲ್ಲ, ಅದೂ .32. ಬೆಲೆ ಆಗಲೇ ಸುಮಾರು 1.22 ಲಕ್ಷ ರೂಪಾಯಿ!

ಸರಿ, .32 ತಗೊಂಡ್ರಿ ಅಂತಿಟ್ಟುಕೊಳ್ಳಿ. ಅದರ ಗುಂಡಿನ ತೂಕ ಸುಮಾರು 6 ಗ್ರಾಂ, ವೇಗವೂ ಕಡಿಮೆ. 12 ಬೋರ್ ತೋಟಾದಲ್ಲಿ 30 ಗ್ರಾಂ ಆಸುಪಾಸಿನ ಚರೆ ಇರುತ್ತೆ, ಅದರ ಹೊಡೆತದ ಶಕ್ತಿ ಹತ್ತು ಪಟ್ಟಿಗೂ ಮಿಗಿಲು. ದಪ್ಪ ಚರ್ಮದ ಗಂಡು ಹಂದಿಗೆ ಕತ್ತಲಲ್ಲಿ, ಗಾಬರಿಯಲ್ಲಿ, ಆ ಗಿಡ್ಡ ನಳಿಗೆಯಿಂದ ಗುರಿ ಇಡೋದು ಅಂದ್ರೆ ಏನಾಗುತ್ತೆ? ಒಂದೋ ಗುರಿ ತಪ್ಪುತ್ತೆ, ಇಲ್ಲಾ ಗಾಯಗೊಂಡ ಹಂದಿ ನಿಮ್ಮ ಮೇಲೇ ತಿರುಗುತ್ತೆ. ಗುರಿ ತಪ್ಪಿದ ಗುಂಡು ಪಕ್ಕದ ಹೊಲದಲ್ಲಿ ಮಲಗಿದವರ ಕಡೆಗೂ ಹೋಗಬಹುದು. .22 ಅಂತೂ ಈ ಕೆಲಸಕ್ಕೆ ಲೆಕ್ಕಕ್ಕೇ ಇಲ್ಲ.

ಹಾಗಾದ್ರೆ ರೈತನಿಗೆ ಯಾವ ಆಯುಧ? ಇದಕ್ಕೆ 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಉತ್ತರ ಇದೆ. ಬೆಳೆ ರಕ್ಷಣೆಗೆ ಅದು ಹೆಸರಿಸೋದು ನಳಿಗೆಯ ಬಾಯಿಂದ ಮದ್ದು ಜಡಿಯೋ ಬಂದೂಕನ್ನು. ಮಲೆನಾಡಿನವರ ಕೇಪಿನ ಕೋವಿ ಅನ್ನಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟಾ ಬಂದೂಕಿಗೂ ಲೈಸೆನ್ಸ್ ಕೊಡಬಹುದು. ಬೆಳೆ ಕಾಯೋಕೆ ರಿವಾಲ್ವರ್ ಅನ್ನೋ ಮಾತೇ ಅಲ್ಲಿಲ್ಲ. ಅರ್ಜಿಯಲ್ಲಿ 'ಹಂದಿ ಕಾಟ' ಅಂತ ಬರೆದು ರಿವಾಲ್ವರ್ ಕೇಳಿದ್ರೆ ಫೈಲು ಮುಂದೆ ಹೋಗೋದು ಕಷ್ಟ. (ಆಯುಧದ ಕಾನೂನು ನಮ್ಮ ಸೀಮೆಗೆ ಹೊಸದಲ್ಲ ಬಿಡಿ. 1857ರಲ್ಲಿ ಹಲಗಲಿಯ ಬೇಡರು ಬ್ರಿಟಿಷರ ವಿರುದ್ಧ ಎದ್ದಿದ್ದೇ ಆಯುಧ ಒಪ್ಪಿಸಿ ಅಂದದ್ದಕ್ಕೆ.)

ಇನ್ನು ಬೇಟೆ. ಇಲ್ಲಿ ಬಹಳ ಜನ ಸಿಕ್ಕಿಬೀಳ್ತಾರೆ. ಬಂದೂಕಿನ ಲೈಸೆನ್ಸ್ ಅಂದ್ರೆ ಬೇಟೆಯ ಲೈಸೆನ್ಸ್ ಅಲ್ಲ! 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹೊಲ ನಿಮ್ಮದೇ ಆದರೂ ಅದರೊಳಗೆ ಬಂದ ಹಂದಿ ನಿಮ್ಮದಲ್ಲ. 2022ರ ತಿದ್ದುಪಡಿ ನಂತರ ಕಾಡುಹಂದಿ ಎರಡನೇ ಶೆಡ್ಯೂಲ್‌ನಲ್ಲಿದೆ; ಕೊಂದರೆ 3 ವರ್ಷದವರೆಗೆ ಜೈಲು. ನಮ್ಮ ಎರಿ ಭೂಮಿಯ ಚಿಗರಿ, ಅಂದ್ರೆ ಕೃಷ್ಣಮೃಗ, ಮೊದಲನೇ ಶೆಡ್ಯೂಲ್. ಅದಕ್ಕೆ ಕನಿಷ್ಠವೇ 3 ವರ್ಷ, ಗರಿಷ್ಠ 7. ಜೀವಕ್ಕೇ ಅಪಾಯ ಬಂದಾಗ ಪ್ರಾಣರಕ್ಷಣೆಗೆ ಹೊಡೆದರೆ ಮಾತು ಬೇರೆ. ಬೆಳೆ ಉಳಿಸೋಕೆ ಹೊಡೀಬೇಕು ಅಂದ್ರೆ 11ನೇ ಸೆಕ್ಷನ್ ಅಡಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕೇ ಬೇಕು.

ಆ ಅನುಮತಿ ತರೋದು ಅಷ್ಟು ಸುಲಭವಾ? ಅಲ್ಲ. ಹಂದಿ ಬರೋದು ರಾತ್ರಿ, ಆಫೀಸು ತೆರೆಯೋದು ಬೆಳಗ್ಗೆ. ನನ್ನ ತಕರಾರು ಇರೋದು ಇಲ್ಲೇ. ಗಡಿಯಾಚೆ ಕಾಸರಗೋಡಿನ ನಮ್ಮ ಕನ್ನಡಿಗ ರೈತರನ್ನು ನೋಡಿ. ಕೇರಳ ಸರ್ಕಾರ 2022ರಲ್ಲಿ ಈ ಅಧಿಕಾರವನ್ನ ಪಂಚಾಯಿತಿ ಅಧ್ಯಕ್ಷರ ಕೈಗೇ ಕೊಟ್ಟಿತು. ಕಾಟ ಕೊಡೋ ಹಂದಿ ಹೊಡೆಯೋಕೆ ಲೈಸೆನ್ಸ್ ಇರೋ ಬಂದೂಕುದಾರರನ್ನ ಪಂಚಾಯಿತಿಯೇ ಕರೆಸಬಹುದು. ನಮ್ಮ ರೈತ ಸಂಘಟನೆಗಳು ಬೆಂಗಳೂರಲ್ಲಿ ಕೂತು ಕೇಳಬೇಕಾಗಿರೋದು ಇಂಥದ್ದನ್ನ. ಅಲ್ಲಿವರೆಗೆ ಲಕ್ಷ ರೂಪಾಯಿಯ ರಿವಾಲ್ವರ್ ಬದಲು ಅದೇ ದುಡ್ಡಲ್ಲಿ ಹೊಲಕ್ಕೆ ಸೋಲಾರ್ ಬೇಲಿ ಹಾಕಿಸಿ. ಬೆಳೆ ಹಾಳಾದ ದಿನವೇ ಫೋಟೋ ತೆಗೆದು, ಪಹಣಿ ಹಚ್ಚಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಸ್ವೀಕೃತಿ ಚೀಟಿ ಇಸ್ಕೊಳ್ಳದೆ ಮಾತ್ರ ಬರಬೇಡಿ.