ಬೀಗ ಎಲ್ಲಿಯವರೆಗೆ?

ಮುಂಬೈಯ ದಾದರಿನ ಒಂದು ಉಡುಪಿ ಹೋಟೆಲು ಆರ್ಡರ್ ಪಡೆಯಲು ಜಾಲತಾಣ ಮಾಡಿಸಿದೆ ಎಂದಿಟ್ಟುಕೊಳ್ಳಿ. ಗಣೇಶನ ಹಬ್ಬಕ್ಕೆ ಒಂದು ಸರ್ವರ್ ಸಾಲದೆ ಎರಡು ಹಾಕಿದ್ದಾರೆ. ಬಂದ ಕೋರಿಕೆಗಳನ್ನು ಎರಡಕ್ಕೂ ಹಂಚುವುದು ಲೋಡ್ ಬ್ಯಾಲೆನ್ಸರ್. ದಾರಿಯಲ್ಲಿ ಯಾರೂ ಓದದಂತೆ ಮಾತನ್ನು ಮುಚ್ಚಿ ಕಳಿಸುವ ಏರ್ಪಾಡು ಟಿಎಲ್‌ಎಸ್. ಈ ಡೊಮೇನ್ ಇವರ ಕೈಯಲ್ಲಿದೆ ಎಂದು ಸಾಕ್ಷಿ ಹೇಳುವುದು ಸರ್ಟಿಫಿಕೇಟ್. ಹೋಟೆಲಿನವರು ಪ್ರಾಮಾಣಿಕರೇ, ಸಾಂಬಾರ್ ರುಚಿಯಾಗಿದೆಯೇ ಎಂಬುದಕ್ಕೆಲ್ಲ ಅದು ಸಾಕ್ಷಿಯಲ್ಲ!

ಹಿಂದೆ ಈ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ದುಡ್ಡು ತೆರಬೇಕಿತ್ತು. 2015ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಯಾರು ಕೇಳಿದರೂ ಪುಕ್ಕಟೆ ಕೊಡತೊಡಗಿತು. ಮರುತಿಂಗಳೇ, ಸರ್ವರ್, ಲೋಡ್ ಬ್ಯಾಲೆನ್ಸರುಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ಕೂಡ ತನ್ನ ಲೋಡ್ ಬ್ಯಾಲೆನ್ಸರುಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಸೇವೆ ತೆರೆಯಿತು. ಲೋಡ್ ಬ್ಯಾಲೆನ್ಸರಿನ ಬಾಡಿಗೆ ಮಾತ್ರ ಗಂಟೆ ಲೆಕ್ಕದಲ್ಲಿ ಓಡುತ್ತಲೇ ಇರುತ್ತದೆ, ಮರೆಯಬೇಡಿ.

ಅಮೆಜಾನಿನ ಮುಂಬೈ ರೀಜನ್, ಅಂದರೆ ಅಲ್ಲಿನ ಸರ್ವರ್ ಕೇಂದ್ರಗಳ ಗುಂಪು, 2016ರಲ್ಲಿ ಶುರುವಾಯಿತು. ಲೋಡ್ ಬ್ಯಾಲೆನ್ಸರ್ ಅಲ್ಲಿದ್ದರೆ ಸರ್ಟಿಫಿಕೇಟನ್ನೂ ಅಲ್ಲೇ ಕೇಳಬೇಕು. ಬೇರೆ ರೀಜನ್ನಿನಲ್ಲಿ ಪಡೆದದ್ದು ಆಯ್ಕೆಯ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಕೇಳಿದ ಕೂಡಲೇ ಅಮೆಜಾನಿನವರು ಒಂದು ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದರತ್ತ ತೋರಿಸುವ ಸಾಲು) ಕೊಟ್ಟು, ‘ನಿಮ್ಮ ಡೊಮೇನಿನ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಇದನ್ನು ಸೇರಿಸಿ’ ಎನ್ನುತ್ತಾರೆ. ಡೊಮೇನಿನ ಒಡೆತನ ಇಲ್ಲದವರಿಗೆ ಅದು ಸಾಧ್ಯವಿಲ್ಲ, ಪರೀಕ್ಷೆ ಇಷ್ಟೇ. ಹೆಚ್ಚಿನವರು ಎಡವುವುದೂ ಇಲ್ಲೇ. ಕೆಲವು ಡೊಮೇನ್ ಮಾರುವವರ ಪುಟಗಳು ಹೆಸರಿನ ಬಾಲವನ್ನು ತಾವೇ ಅಂಟಿಸುತ್ತವೆ. ಅಲ್ಲಿ ಪೂರ್ತಿ ಹೆಸರು ಬರೆದಿರೋ, ದಾಖಲೆ ‘ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್’ ಎಂದು ಕೊನೆಯಾಗಿ, ಪರೀಕ್ಷೆ ‘ಪೆಂಡಿಂಗ್’ನಲ್ಲೇ ಕೊಳೆಯುತ್ತದೆ. ಇನ್ನು ಕೆಲವರು ಸರ್ಟಿಫಿಕೇಟ್ ಸಿಕ್ಕ ಮೇಲೆ ಆ ದಾಖಲೆಯನ್ನು ಕಸವೆಂದು ಅಳಿಸುತ್ತಾರೆ. ಅದು ಉಳಿದಿದ್ದರೆ ತಾನೇ ನವೀಕರಣ ತಾನಾಗಿ ಆಗುವುದು!

ಆಮೇಲೆ ಲೋಡ್ ಬ್ಯಾಲೆನ್ಸರಿನಲ್ಲಿ ಎಚ್‌ಟಿಟಿಪಿಎಸ್‌ನ ಬಾಗಿಲಾದ 443ನೆಯ ಪೋರ್ಟಿಗೆ ಲಿಸನರ್ (ಬಂದ ಕೋರಿಕೆಗೆ ಕಿವಿಗೊಡುವ ಏರ್ಪಾಡು) ಮಾಡಿ ಸರ್ಟಿಫಿಕೇಟ್ ಜೋಡಿಸಿ, ಬೀಗವಿಲ್ಲದ ಎಚ್‌ಟಿಟಿಪಿಯ 80ಕ್ಕೆ ಬಂದವರನ್ನು 443ಕ್ಕೆ ತಿರುಗಿಸಿದರೆ ಕೆಲಸ ಮುಗಿಯಿತು.

ಮುಗಿಯಿತೇ? ನನ್ನ ಅಚ್ಚುಮೆಚ್ಚಿನ ಪ್ರಶ್ನೆ ಇರುವುದು ಇಲ್ಲಿ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾದರೆ ಸರ್ವರಿನವರೆಗೂ ಬೀಗ ಬಿದ್ದಿದೆ ಎಂದೇ ಜನ ತಿಳಿಯುತ್ತಾರೆ. ಅಂಧೇರಿಯಿಂದ ಠಾಣೆಗೆ ಹೊರಟವನು ದಾದರಿನಲ್ಲಿ ವೆಸ್ಟರ್ನ್ ಲೈನಿನ ಗಾಡಿ ಇಳಿದು, ಸೇತುವೆ ಹತ್ತಿ, ಸೆಂಟ್ರಲ್ ಲೈನಿನ ಗಾಡಿ ಹಿಡಿಯುತ್ತಾನೆ. ಪ್ರಯಾಣ ಒಂದೇ, ಗಾಡಿ ಎರಡು. ಇಲ್ಲಿಯೂ ಹಾಗೆಯೇ. ಬ್ರೌಸರಿನ ಟಿಎಲ್‌ಎಸ್ ಸಂಪರ್ಕ ಲೋಡ್ ಬ್ಯಾಲೆನ್ಸರಿನಲ್ಲಿ ಕೊನೆಯಾಗುತ್ತದೆ. ಅಲ್ಲಿ ಸಂದೇಶ ಬಿಚ್ಚಿಕೊಳ್ಳುತ್ತದೆ. ಸರ್ವರಿಗೆ ಹೋಗುವುದು ಹೊಸ ಸಂಪರ್ಕ. ಅದಕ್ಕೆ ಎಚ್‌ಟಿಟಿಪಿ ಎಂದು ಆರಿಸಿದ್ದರೆ ಗಿರಾಕಿಯ ಫೋನ್ ನಂಬರು, ಮನೆ ವಿಳಾಸ ಎಲ್ಲವೂ ಆ ಕೊನೆಯ ಹಾದಿಯಲ್ಲಿ ಬಯಲಾಗಿಯೇ ಸಾಗುತ್ತವೆ. ಹಾದಿ ನಿಮ್ಮದೇ ಖಾಸಗಿ ಜಾಲದೊಳಗಿನದು, ನಿಜ. ಹೋಟೆಲಿಗೆ ಅಷ್ಟು ಸಾಕಾಗಬಹುದು. ಆಸ್ಪತ್ರೆಯ ಕಡತಗಳಿಗೆ ಸಾಕು ಎಂದು ನಾನು ಒಪ್ಪುವುದಿಲ್ಲ.

ಆ ಎರಡನೆಯ ಹಾದಿಗೂ ಎಚ್‌ಟಿಟಿಪಿಎಸ್ ಹಾಕಬಹುದು. ಆದರೆ ಅಮೆಜಾನಿನ ಪುಕ್ಕಟೆ ಸರ್ಟಿಫಿಕೇಟಿನ ಖಾಸಗಿ ಕೀಲಿ, ಅಂದರೆ ಅದನ್ನು ಬಳಸಲು ಬೇಕಾದ ಗುಟ್ಟಿನ ಸಂಖ್ಯೆ, ನಮ್ಮ ಕೈಗೆ ಸಿಗದು. ಹಾಗಾಗಿ ಸರ್ವರಿಗೆ ಬೇರೆ ಸರ್ಟಿಫಿಕೇಟೇ ಬೇಕು. ಲೆಟ್ಸ್ ಎನ್‌ಕ್ರಿಪ್ಟಿನದಾಗಬಹುದು, ನೀವೇ ಸಹಿ ಹಾಕಿಕೊಂಡದ್ದೂ ಆದೀತು. ಏಕೆಂದರೆ ಅಮೆಜಾನಿನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಸರ್ವರಿನ ಸರ್ಟಿಫಿಕೇಟನ್ನು ಪರಿಶೀಲಿಸುವುದೇ ಇಲ್ಲ! ಗುರುತು ನೋಡದೆ ಹಾಕಿದ ಬೀಗ ಯಾರನ್ನು ತಡೆಯುತ್ತದೆ, ಯಾರನ್ನು ತಡೆಯುವುದಿಲ್ಲ? ಈ ಪ್ರಶ್ನೆಯನ್ನು ಹಿಡಿದುಕೊಂಡು ಟಿಎಲ್‌ಎಸ್‌ನ ಕೈಕುಲುಕುವಿಕೆಯನ್ನು, ಅಂದರೆ ಸಂಪರ್ಕದ ಆರಂಭದಲ್ಲಿ ಎರಡೂ ಕಡೆಯವರು ಗುರುತು, ಕೀಲಿ ಹೊಂದಿಸಿಕೊಳ್ಳುವ ಮಾತುಕತೆಯನ್ನು, ಹಂತಹಂತವಾಗಿ ಓದಿ ನೋಡಿ. ಒಂದು ಭಾನುವಾರ ಪೂರ್ತಿ ಬೇಕಾದೀತು.