ಕಾಲೇಜು ಗ್ರಂಥಾಲಯದ ವಿದ್ಯಾರ್ಥಿಸೇವೆಗಳು ಮತ್ತು ಕನ್ನಡ ಓದು

೧. ಪೀಠಿಕೆ

ಕಾಲೇಜು ಗ್ರಂಥಾಲಯವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಗ್ರಂಥಗಳ ಸಂಖ್ಯೆ, ಕಟ್ಟಡದ ವಿಸ್ತೀರ್ಣ, ಗಣಕಯಂತ್ರಗಳ ಲಭ್ಯತೆ ಇವುಗಳ ಸುತ್ತಲೇ ನಡೆಯುತ್ತವೆ. ೧೯೪೮-೪೯ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಉನ್ನತ ಶಿಕ್ಷಣದಲ್ಲಿ ಗ್ರಂಥಾಲಯದ ಮಹತ್ವವನ್ನು ಒತ್ತಿ ಹೇಳಿತು. ೧೯೯೪ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ನ್ಯಾಕ್ ಸಂಸ್ಥೆಯು ಕಾಲೇಜುಗಳ ಮೌಲ್ಯಮಾಪನದಲ್ಲಿ ಗ್ರಂಥಾಲಯವನ್ನೂ ಪರಿಗಣಿಸಿತು. ಇವುಗಳಿಂದ ಗ್ರಂಥಾಲಯಗಳಿಗೆ ಪ್ರಯೋಜನವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಷ್ಟು ಪುಸ್ತಕಗಳಿವೆ ಎಂಬ ಪ್ರಶ್ನೆಯೂ ಬೇಕಾದ ಪುಸ್ತಕ ವಿದ್ಯಾರ್ಥಿಯ ಕೈಗೆ ತಲಪುತ್ತದೆಯೇ ಎಂಬ ಪ್ರಶ್ನೆಯೂ ಒಂದೇ ಅಲ್ಲ.

ಕನ್ನಡ ವಿದ್ಯಾರ್ಥಿಯ ವಿಷಯದಲ್ಲಿ ಈ ಅಂತರವು ಇನ್ನಷ್ಟು ಸ್ಪಷ್ಟವಾಗುತ್ತದೆ. ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕಗಳಿಲ್ಲದವನಿಗೆ ಕಾಲೇಜಿನ ಗ್ರಂಥಾಲಯವೇ ಮೊದಲ ಗ್ರಂಥಾಲಯ. ಎಷ್ಟೋ ವೇಳೆ ಅದೇ ಕೊನೆಯದೂ ಆಗುತ್ತದೆ. ಪಂಪನ ಕಾವ್ಯವನ್ನು ಟಿಪ್ಪಣಿಯಲ್ಲಿ ಮಾತ್ರ ಕಂಡು, ನಿಘಂಟಿನ ಪುಟವನ್ನು ಒಮ್ಮೆಯೂ ತಿರುವದೆ ಪದವಿ ಪಡೆಯುವುದು ಅಸಾಧ್ಯವೇನಲ್ಲ. ಈ ಹಿನ್ನೆಲೆಯಲ್ಲಿ ಕಾಲೇಜು ಗ್ರಂಥಾಲಯದ ಸೇವೆಗಳನ್ನೂ ಚಟುವಟಿಕೆಗಳನ್ನೂ ಕನ್ನಡ ಓದಿನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೇವೆಗಳ ಹೊಣೆ ಗ್ರಂಥಪಾಲರದು ಮಾತ್ರವಲ್ಲ, ಕನ್ನಡ ವಿಭಾಗದ್ದೂ ಹೌದೆಂಬುದು ಇದರ ಮುಖ್ಯ ಪ್ರತಿಪಾದನೆ.

೨. ಸೇವೆ ಎಂಬ ಪರಿಕಲ್ಪನೆ

ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಶಾಸ್ತ್ರದ ಸ್ಥಾನ ದೊರಕಿಸಿದವರು ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ೧೯೩೧ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳು ಇಂದಿಗೂ ಈ ಕ್ಷೇತ್ರದ ಬುನಾದಿಯಾಗಿವೆ. ಪುಸ್ತಕವಿರುವುದು ಕಾದಿಡುವುದಕ್ಕಲ್ಲ, ಬಳಕೆಗೆ ಎಂಬುದು ಅವುಗಳಲ್ಲಿ ಮೊದಲನೆಯದರ ಆಶಯ. ಓದುಗನಿಗೆ ತಕ್ಕ ಪುಸ್ತಕ, ಪುಸ್ತಕಕ್ಕೆ ತಕ್ಕ ಓದುಗ, ಓದುಗನ ವೇಳೆಯ ಉಳಿತಾಯ, ಬೆಳೆಯುತ್ತಿರುವ ಜೀವಿಯಂತೆ ಗ್ರಂಥಾಲಯ ಎಂಬಿವು ಉಳಿದ ನಾಲ್ಕರ ಸಾರ. ೧೯೬೨ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ರಂಗನಾಥನ್, ೧೯೭೨ರಲ್ಲಿ ಇದೇ ನಗರದಲ್ಲಿ ನಿಧನರಾದರು.

ಪುಸ್ತಕಕ್ಕೂ ತನ್ನ ಓದುಗನನ್ನು ಪಡೆಯುವ ಹಕ್ಕಿದೆ ಎಂಬ ಮಾತು ಕನ್ನಡದ ಸಂದರ್ಭದಲ್ಲಿ ವಿಶೇಷವಾಗಿ ಮನನೀಯ. ಕೊಂಡು ತಂದು, ಪರಿಗ್ರಹಣ ಸಂಖ್ಯೆ ಬರೆದು, ಮುದ್ರೆ ಒತ್ತಿ ಕಪಾಟಿನಲ್ಲಿಟ್ಟ ಮಾತ್ರಕ್ಕೆ ಗ್ರಂಥಾಲಯದ ಕೆಲಸ ಮುಗಿಯುವುದಿಲ್ಲ.

೩. ಎರವಲು ಸೇವೆ ಮತ್ತು ಮುಕ್ತ ಪ್ರವೇಶ

ಎರವಲು ಸೇವೆಯು ಕಾಲೇಜು ಗ್ರಂಥಾಲಯದ ಅತ್ಯಂತ ಪರಿಚಿತ ಸೇವೆ. ಬಡ ವಿದ್ಯಾರ್ಥಿಗಳಿಗೆ ಇಡೀ ಅವಧಿಗೆ ಪಠ್ಯಗಳನ್ನು ಒದಗಿಸುವ ಪುಸ್ತಕ ಬ್ಯಾಂಕ್ ಇದರ ವಿಸ್ತರಣೆ. ಎರವಲಿನಲ್ಲಿ ಎರಡು ಪದ್ಧತಿಗಳುಂಟು. ಬೀಗ ಹಾಕಿದ ಕಪಾಟಿನ ಪದ್ಧತಿಯಲ್ಲಿ ವಿದ್ಯಾರ್ಥಿಯು ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕು. ಮುಕ್ತ ಪ್ರವೇಶದಲ್ಲಿ ಆತ ಕಪಾಟುಗಳ ನಡುವೆ ತಾನೇ ಓಡಾಡಿ ಆರಿಸಿಕೊಳ್ಳಬಹುದು. ಪುಸ್ತಕ ಕಳೆಯುವ ಭಯ ಮೊದಲನೆಯ ಪದ್ಧತಿಗೆ ಕಾರಣ. ಆದರೆ ಹೆಸರು ಗೊತ್ತಿಲ್ಲದ ಪುಸ್ತಕವನ್ನು ಯಾರೂ ಕೇಳಲಾರರು. ಅಧ್ಯಾಪಕರು ಹೇಳಿದ ನಾಲ್ಕು ಹೆಸರುಗಳಾಚೆಗೆ ಓದು ಬೆಳೆಯಬೇಕಾದರೆ ಮುಕ್ತ ಪ್ರವೇಶ ಅನಿವಾರ್ಯ.

ಹಾಗೆ ಒಳಹೊಕ್ಕ ಕನ್ನಡ ವಿದ್ಯಾರ್ಥಿಗೆ ಮತ್ತೊಂದು ತೊಡಕು ಎದುರಾಗುತ್ತದೆ. ಕಾಲೇಜುಗಳಲ್ಲಿ ವ್ಯಾಪಕ ಬಳಕೆಯಲ್ಲಿರುವ ಡ್ಯೂಯಿ ದಶಾಂಶ ವರ್ಗೀಕರಣವು ೧೮೭೬ರಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ಅದರಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ ೮೯೪.೮೧೪; ಕನ್ನಡ ಭಾಷೆ ಮತ್ತು ವ್ಯಾಕರಣದ್ದು ೪೯೪.೮೧೪. ಜಾನಪದವು ಸಮಾಜವಿಜ್ಞಾನದೊಳಗೆ ೩೯೮ರಲ್ಲಿ ಸೇರುತ್ತದೆ. ಕರ್ನಾಟಕದ ಇತಿಹಾಸ ೯೫೪.೮೭ರಲ್ಲಿರುತ್ತದೆ. ಶರಣರ ವಚನಗಳನ್ನು ಸಾಹಿತ್ಯವೆಂದು ಪರಿಗಣಿಸಿದರೆ ಒಂದೆಡೆ, ಧರ್ಮವೆಂದು ಪರಿಗಣಿಸಿದರೆ ೨೯೪.೫ರಲ್ಲಿ ಮತ್ತೊಂದೆಡೆ ಇಡಬೇಕಾಗುತ್ತದೆ. ಹೀಗೆ ಕನ್ನಡ ಅಧ್ಯಯನವೆಂಬ ಒಂದೇ ಕ್ಷೇತ್ರವು ಗ್ರಂಥಾಲಯದಲ್ಲಿ ನಾಲ್ಕೈದು ಕಡೆ ಹಂಚಿಹೋಗಿದೆ. ಚಂಪೂ, ವಚನ, ರಗಳೆ, ಷಟ್ಪದಿ, ಸಾಂಗತ್ಯ ಇವೆಲ್ಲವೂ ಕಾವ್ಯವೆಂಬ ಒಂದೇ ಉಪವಿಭಾಗದಲ್ಲಿ ಕಲೆತುಹೋಗುತ್ತವೆ. ವರ್ಗೀಕರಣವನ್ನೇ ಬದಲಿಸುವುದು ಕಾಲೇಜಿನ ಶಕ್ತಿಗೆ ಮೀರಿದ್ದು. ಆದರೆ ಯಾವ ವಿಷಯ ಯಾವ ಸಂಖ್ಯೆಯಲ್ಲಿ ಸಿಗುತ್ತದೆಂಬ ಕನ್ನಡದ ಮಾರ್ಗಸೂಚಿ ಫಲಕವೊಂದನ್ನು ೮೯೪.೮೧೪ರ ಕಪಾಟಿನ ಬಳಿ ತೂಗುಹಾಕಲು ಯಾವ ಅನುದಾನವೂ ಬೇಕಾಗಿಲ್ಲ.

೪. ಸೂಚಿ: ಕನ್ನಡ ಪುಸ್ತಕವನ್ನು ಕನ್ನಡದಲ್ಲಿ ಹುಡುಕುವುದು

ಗ್ರಂಥಾಲಯದ ಸೂಚಿಯು ಓದುಗನಿಗೂ ಪುಸ್ತಕಕ್ಕೂ ನಡುವಣ ಸೇತುವೆ. ಗಣಕೀಕರಣ ಆರಂಭವಾದಾಗ ಹಲವೆಡೆ ಕನ್ನಡ ಪುಸ್ತಕಗಳ ವಿವರಗಳನ್ನು ರೋಮನ್ ಲಿಪಿಯಲ್ಲಿ ದಾಖಲಿಸಲಾಯಿತು. ಧ್ವನಿಭೇದಸೂಚಕ ಚಿಹ್ನೆಗಳಿಲ್ಲದ ರೋಮನ್ ಬರವಣಿಗೆಯಲ್ಲಿ ಲಕಾರ-ಳಕಾರಗಳ, ನಕಾರ-ಣಕಾರಗಳ, ಹ್ರಸ್ವ-ದೀರ್ಘಗಳ ಭೇದ ಉಳಿಯುವುದಿಲ್ಲ. ಹಳ್ಳಿ ಮತ್ತು ಹಲ್ಲಿ, ಬೆಳೆ ಮತ್ತು ಬೆಲೆ, ಮಳೆ ಮತ್ತು ಮಲೆ ಒಂದೇ ಆಗಿಬಿಡುತ್ತವೆ. ಒಂದೇ ಹೆಸರನ್ನು ಇಬ್ಬರು ಸಿಬ್ಬಂದಿ ಎರಡು ಬಗೆಯಾಗಿ ಬರೆದಾಗ ಒಂದೇ ಕೃತಿಯ ಪ್ರತಿಗಳು ಸೂಚಿಯಲ್ಲಿ ಬೇರೆಬೇರೆಯಾಗುತ್ತವೆ.

ಇನ್ನು ಕೆಲವೆಡೆ ಕನ್ನಡ ಲಿಪಿಯನ್ನು ಬಳಸಿದರೂ ಅದು ಅಂದಿನ ಅಕ್ಷರವಿನ್ಯಾಸ ತಂತ್ರಾಂಶಗಳ ಪ್ರತ್ಯೇಕ ಸಂಕೇತಗಳಲ್ಲಿತ್ತು. ಅಂಥ ದತ್ತಾಂಶವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ಕನ್ನಡವಾಗಿರಲಿಲ್ಲ. ಅಕಾರಾದಿಯಾಗಿ ಜೋಡಿಸಲು, ಬೇರೊಂದು ತಂತ್ರಾಂಶಕ್ಕೆ ಸಾಗಿಸಲು ಕಷ್ಟವಾಗುತ್ತಿತ್ತು. ಯೂನಿಕೋಡ್ ಈ ತೊಡಕನ್ನು ನಿವಾರಿಸಿದೆ. ಇನ್‌ಫ್ಲಿಬ್‌ನೆಟ್ ಕೇಂದ್ರದ ಸೋಲ್ ತಂತ್ರಾಂಶದ ೨೦೦೯ರ ಎರಡನೆಯ ಆವೃತ್ತಿಯಾಗಲಿ, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಕೋಹಾ ಆಗಲಿ ಯೂನಿಕೋಡನ್ನು ಒಪ್ಪುತ್ತವೆ. ತಂತ್ರಜ್ಞಾನದ ಅಡ್ಡಿ ಹೀಗೆ ನೀಗಿದ್ದರೂ ಹಳೆಯ ದಾಖಲೆಗಳು ತಾವಾಗಿಯೇ ಕನ್ನಡಕ್ಕೆ ತಿರುಗುವುದಿಲ್ಲ. ಯಾರಾದರೂ ಕುಳಿತು ತಿದ್ದಬೇಕು.

ಈ ತಿದ್ದುಪಡಿ ಕೇವಲ ಬೆರಳಚ್ಚಿನ ಕೆಲಸವಲ್ಲ. ಪಂಪಭಾರತವೆಂದು ಹುಡುಕುವವನಿಗೆ ವಿಕ್ರಮಾರ್ಜುನ ವಿಜಯವು ಸಿಗಬೇಕು. ಗದುಗಿನ ಭಾರತ, ಕುಮಾರವ್ಯಾಸ ಭಾರತ, ಕರ್ಣಾಟ ಭಾರತ ಕಥಾಮಂಜರಿ ಒಂದೇ ಕೃತಿಯ ಹೆಸರುಗಳೆಂದು ಸೂಚಿಗೆ ತಿಳಿದಿರಬೇಕು. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ, ಶ್ರೀರಂಗ ಮತ್ತು ಆದ್ಯ ರಂಗಾಚಾರ್ಯ, ಶ್ರೀನಿವಾಸ ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್, ತ್ರಿವೇಣಿ ಮತ್ತು ಅನಸೂಯ ಶಂಕರ್ ಇವರ ನಡುವೆ ಪರಸ್ಪರ ನಿರ್ದೇಶನಗಳಿರಬೇಕು. ಹಳಗನ್ನಡದ ಱ, ೞ ಅಕ್ಷರಗಳುಳ್ಳ ಶೀರ್ಷಿಕೆಗಳು ಇಂದಿನ ಕಾಗುಣಿತದಲ್ಲಿ ಹುಡುಕಿದರೂ ದೊರೆಯಬೇಕು. ಈ ತಿಳಿವಳಿಕೆ ಇರುವುದು ಕನ್ನಡ ವಿಭಾಗದಲ್ಲಿ. ಪ್ರಾಚೀನ ಕವಿಗಳ ಕಾಲ, ಕೃತಿ, ನಾಮಾಂತರಗಳನ್ನು ನಿರ್ಣಯಿಸಲು ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳಲ್ಲಿ (೧೯೦೭, ೧೯೧೯, ೧೯೨೯) ಪಟ್ಟ ಶ್ರಮದ ಮುಂದುವರಿಕೆಯೇ ಇಂದಿನ ಸೂಚೀಕರಣವೆಂದರೆ ಅತಿಶಯೋಕ್ತಿಯಾಗದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಿರುಯೋಜನೆಯಾಗಿ ತಲಾ ನೂರು ದಾಖಲೆಗಳನ್ನು ತಿದ್ದುವ ಕೆಲಸ ವಹಿಸಿದರೆ ಗ್ರಂಥಸಂಪಾದನೆಯ ಮೊದಲ ಪಾಠವೂ ಆಗುತ್ತದೆ, ಸೂಚಿಯೂ ಸುಧಾರಿಸುತ್ತದೆ.

೫. ಪರಾಮರ್ಶನ ಸೇವೆ

ಪರಾಮರ್ಶನ ವಿಭಾಗದ ಗ್ರಂಥಗಳನ್ನು ಮನೆಗೆ ಕೊಡುವುದಿಲ್ಲ. ಹೀಗಾಗಿ ಅವುಗಳನ್ನು ಬಳಸುವ ಬಗೆಯನ್ನು ಅಲ್ಲಿಯೇ ಕಲಿಸದಿದ್ದರೆ ಅವು ಅಲಂಕಾರದ ವಸ್ತುಗಳಾಗಿ ಉಳಿಯುತ್ತವೆ. ಕಿಟ್ಟೆಲ್ಲರ ೧೮೯೪ರ ಕನ್ನಡ-ಇಂಗ್ಲಿಷ್ ನಿಘಂಟಿಗೂ ಕನ್ನಡ ಸಾಹಿತ್ಯ ಪರಿಷತ್ತು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟಿಗೂ ಇರುವ ಉದ್ದೇಶಭೇದವನ್ನು ವಿದ್ಯಾರ್ಥಿ ತಿಳಿಯಬೇಕಾದದ್ದು ತರಗತಿಯಲ್ಲಲ್ಲ, ಆ ಸಂಪುಟಗಳ ಮುಂದೆ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಇಂದಿನ ಲಿಪಿಯಲ್ಲಿ ಎರಡೂ ಒಂದೇ ಆಗಿರುವುದರಿಂದ ಪದ್ಯದ ಅರ್ಥ ತಪ್ಪುವ ಸಂದರ್ಭಗಳುಂಟು. ಪರಿಷತ್ತಿನ ನಿಘಂಟಿನಲ್ಲಿ ಪ್ರಯೋಗಗಳ ಸಹಿತ ಇಂಥ ಪದಗಳನ್ನು ಒಮ್ಮೆ ಹುಡುಕಿದವನಿಗೆ ನಿಘಂಟು ಕೇವಲ ಅರ್ಥಕೋಶವಲ್ಲ, ಭಾಷೆಯ ಚರಿತ್ರೆ ಎಂಬುದು ಮನದಟ್ಟಾಗುತ್ತದೆ.

ಶಾಸನ ಸಂಪುಟಗಳ ವಿಷಯವೂ ಹೀಗೆಯೇ. ಬಿ.ಎಲ್. ರೈಸ್ ೧೮೮೬ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಜಿಲ್ಲಾವಾರು, ಅವುಗಳೊಳಗೆ ತಾಲ್ಲೂಕುವಾರು ವಿಂಗಡಣೆಗೊಂಡಿವೆ. ಮೈಸೂರು ವಿಶ್ವವಿದ್ಯಾಲಯವು ೧೯೭೦ರ ದಶಕದಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿದೆ. ಉತ್ತರ ಕರ್ನಾಟಕದ ಶಾಸನಗಳಿಗೆ ದಕ್ಷಿಣ ಭಾರತದ ಶಾಸನಗಳು ಮಾಲೆಯ ಬೊಂಬಾಯಿ-ಕರ್ನಾಟಕ ಸಂಪುಟಗಳಿವೆ. ವಿದ್ಯಾರ್ಥಿಯು ತನ್ನ ತಾಲ್ಲೂಕಿನ ಭಾಗವನ್ನು ತೆರೆದು ತನ್ನೂರಿನ ಅಥವಾ ನೆರೆಯೂರಿನ ಕಲ್ಲಿನ ಪಾಠವನ್ನು ಕಂಡುಕೊಳ್ಳುವುದು ಯಾವ ಉಪನ್ಯಾಸಕ್ಕೂ ಕಡಿಮೆಯಲ್ಲದ ಪಾಠ. ಈ ಸಂಪುಟಗಳೆಲ್ಲವನ್ನೂ ಪ್ರತಿಯೊಂದು ಕಾಲೇಜೂ ಕೊಳ್ಳಲಾರದು. ಒಂದು ಊರಿನ ಕಾಲೇಜುಗಳು ಹಾಗೂ ೧೯೬೫ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಡಿ ನಡೆಯುತ್ತಿರುವ ಕೇಂದ್ರ ಗ್ರಂಥಾಲಯಗಳು ತಮ್ಮಲ್ಲಿರುವ ಸಂಪುಟಗಳ ಜಂಟಿ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

೬. ನಿಯತಕಾಲಿಕಗಳು ಮತ್ತು ವಿದ್ಯುನ್ಮಾನ ಆಕರಗಳು

೨೦೧೦ರಲ್ಲಿ ಆರಂಭವಾದ ಎನ್-ಲಿಸ್ಟ್ ಯೋಜನೆಯು ಕಾಲೇಜುಗಳಿಗೆ ಸಾವಿರಾರು ವಿದ್ಯುನ್ಮಾನ ಪತ್ರಿಕೆಗಳನ್ನೂ ಗ್ರಂಥಗಳನ್ನೂ ಒದಗಿಸಿತು. ಮಹಾಪ್ರಬಂಧಗಳಿಗೆ ಶೋಧಗಂಗಾ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳು ದೊರೆಯುತ್ತವೆ. ಆದರೆ ಚಂದಾ ಆಧಾರಿತ ಆಕರಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಕನ್ನಡ ಸಂಶೋಧನೆಯ ಬಹುಭಾಗ ಹುದುಗಿರುವುದು ಮೈಸೂರಿನ 'ಪ್ರಬುದ್ಧ ಕರ್ನಾಟಕ', ಧಾರವಾಡದ 'ಕರ್ನಾಟಕ ಭಾರತಿ', ಬೆಂಗಳೂರಿನ 'ಸಾಧನೆ'ಯಂಥ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ. ಅವು ರಟ್ಟು ಕಟ್ಟಿಸಿಕೊಂಡು ಕಪಾಟಿನಲ್ಲಿದ್ದರೂ ಒಳಗಿನ ಲೇಖನಗಳ ಸೂಚಿಯಿಲ್ಲದಿದ್ದರೆ ಇದ್ದೂ ಇಲ್ಲದಂತೆ. ಒಂದೇ ವಿಷಯದ ಮೇಲೆ ಮತ್ತೆ ಮತ್ತೆ ಮೊದಲಿನಿಂದ ಬರೆಯುವ ಪರಿಪಾಠಕ್ಕೆ ಇದೂ ಒಂದು ಕಾರಣ. ತನ್ನಲ್ಲಿರುವ ಸಂಪುಟಗಳ ಲೇಖನಸೂಚಿಯನ್ನು ಲೇಖಕ, ವಿಷಯ, ಕೃತಿಗಳ ಕ್ರಮದಲ್ಲಿ ಸಿದ್ಧಪಡಿಸುವ ಕಾಲೇಜು ಗ್ರಂಥಾಲಯವು ತನ್ನ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಇಡೀ ಕ್ಷೇತ್ರಕ್ಕೇ ಉಪಕರಿಸುತ್ತದೆ.

೭. ದೃಷ್ಟಿವಿಕಲ ವಿದ್ಯಾರ್ಥಿಗಳು

ಕಲಾ ಪದವಿಗಳಲ್ಲಿ ಕನ್ನಡವನ್ನು ಆರಿಸಿಕೊಳ್ಳುವ ದೃಷ್ಟಿವಿಕಲ ವಿದ್ಯಾರ್ಥಿಗಳೂ ಇದ್ದಾರೆ. ಕೃತಿಸ್ವಾಮ್ಯ ಕಾಯಿದೆಯ ೨೦೧೨ರ ತಿದ್ದುಪಡಿಯು ಅಂಥವರಿಗಾಗಿ, ಲಾಭದ ಉದ್ದೇಶವಿಲ್ಲದೆ, ಪುಸ್ತಕಗಳನ್ನು ಅವರು ಬಳಸಬಲ್ಲ ರೂಪಕ್ಕೆ ಪರಿವರ್ತಿಸಲು ಅವಕಾಶ ನೀಡಿದೆ. ಪುಟಗಳ ಚಿತ್ರವನ್ನಷ್ಟೇ ತೆಗೆದ ಕಡತವನ್ನು ಓದುಯಂತ್ರವು ಓದಲಾರದು. ಹಳೆಯ ಅಕ್ಷರವಿನ್ಯಾಸದ ಕಡತವನ್ನು ಓದಿಸಿದರೆ ಅರ್ಥಹೀನ ಧ್ವನಿಗಳು ಹೊರಡುತ್ತವೆ. ಅಕ್ಷರಗುರುತಿಸುವಿಕೆಯ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆಯಾದರೂ ಒತ್ತಕ್ಷರಗಳಲ್ಲಿ ಉಂಟಾಗುವ ದೋಷಗಳನ್ನು ಮನುಷ್ಯರೇ ತಿದ್ದಬೇಕಾಗುತ್ತದೆ. ಸಹಪಾಠಿಗಳು ಪಠ್ಯವನ್ನು ಹೀಗೆ ಸಿದ್ಧಪಡಿಸಿಕೊಡುವುದು, ಕಾವ್ಯಭಾಗಗಳನ್ನು ಛಂದಸ್ಸಿಗೆ ತಕ್ಕಂತೆ ಓದಿ ಧ್ವನಿಮುದ್ರಿಸುವುದು ಗ್ರಂಥಾಲಯವು ಸಂಘಟಿಸಬಹುದಾದ ಅರ್ಥಪೂರ್ಣ ಸೇವೆ. ಪರೀಕ್ಷೆಗೆ ಮುನ್ನ ಯಾರಾದರೂ ಓದಿಹೇಳಲಿ ಎಂದು ಕಾಯುವ ಸ್ಥಿತಿಯಿಂದ ಆ ವಿದ್ಯಾರ್ಥಿಯನ್ನು ಇದು ಪಾರುಮಾಡುತ್ತದೆ.

೮. ಚಟುವಟಿಕೆಗಳು

ಆಗಸ್ಟ್ ೧೨ರ ಗ್ರಂಥಪಾಲಕರ ದಿನಾಚರಣೆ, ಏಪ್ರಿಲ್ ೨೩ರ ವಿಶ್ವ ಪುಸ್ತಕ ದಿನ, ಪುಸ್ತಕ ಪ್ರದರ್ಶನ, ಪ್ರಬಂಧ ಸ್ಪರ್ಧೆ ಮುಂತಾದವು ಕಾಲೇಜುಗಳಲ್ಲಿ ನಡೆಯುತ್ತವೆ. ಆಚರಣೆಯ ಛಾಯಾಚಿತ್ರ ವರದಿಯಲ್ಲಿ ಉಳಿಯುತ್ತದೆ. ಪ್ರದರ್ಶನದ ಪುಸ್ತಕಗಳು ಮರುದಿನ ಕಪಾಟಿಗೆ ಮರಳುತ್ತವೆ. ಪ್ರದರ್ಶಿತ ಪುಸ್ತಕಗಳಲ್ಲಿ ಎಷ್ಟು ಮುಂದಿನ ವಾರ ಎರವಲು ಹೋದವು ಎಂಬುದೇ ಇಂಥ ಚಟುವಟಿಕೆಗೆ ತಕ್ಕ ಅಳತೆಗೋಲು. ಹೊಸ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಪರಿಚಯವನ್ನು ಭಾಷಣದ ಮೂಲಕ ಮಾಡುವುದಕ್ಕಿಂತ, ಪ್ರತಿಯೊಬ್ಬರಿಗೂ ಒಂದೊಂದು ಪ್ರಶ್ನೆ ಕೊಟ್ಟು ಉತ್ತರವಿರುವ ಪುಟವನ್ನು ಹುಡುಕಿಸುವುದು ಹೆಚ್ಚು ಫಲಕಾರಿ.

ಕನ್ನಡದ ಪರಂಪರೆಯಲ್ಲಿ ಇದಕ್ಕೆ ಮಾದರಿಯಿದೆ. ೧೯೧೯ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 'ಪ್ರಬುದ್ಧ ಕರ್ನಾಟಕ' ಹುಟ್ಟಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ. ಕಾಲೇಜಿನ ಸಂಘವೊಂದರ ಚಟುವಟಿಕೆ ಮುಂದೆ ವಿಶ್ವವಿದ್ಯಾಲಯದ ಪತ್ರಿಕೆಯಾಗಿ ಬೆಳೆಯಿತು. ಇಂದಿನ ಕಾಲೇಜುಗಳ ಕನ್ನಡ ಸಂಘಗಳು ಗ್ರಂಥಾಲಯದೊಂದಿಗೆ ಸೇರಿ ತಿಂಗಳಿಗೊಂದು ಪುಸ್ತಕದ ಚರ್ಚೆ, ಗೋಡೆಪತ್ರಿಕೆಯಲ್ಲಿ ಪುಸ್ತಕ ಪರಿಚಯ ಇವನ್ನು ನಡೆಸಿದರೆ ಸಂಘಕ್ಕೂ ಗ್ರಂಥಾಲಯಕ್ಕೂ ಹುರುಳು ಬರುತ್ತದೆ.

೯. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು: ಕಾಲೇಜು ಗ್ರಂಥಾಲಯದ ಸೇವೆಗಳು ಬಿಡಿಬಿಡಿಯಾದವಲ್ಲ, ಎರವಲು, ಪರಾಮರ್ಶನ, ದೃಷ್ಟಿವಿಕಲರ ಓದು ಇವೆಲ್ಲವೂ ಪುಸ್ತಕವು ಸರಿಯಾದ ಕನ್ನಡದಲ್ಲಿ ದಾಖಲಾಗಿರುವುದನ್ನು ಅವಲಂಬಿಸಿವೆ. ಎರಡು: ಈ ದಾಖಲೆಗೆ ಬೇಕಾದ ಜ್ಞಾನ ಕನ್ನಡ ವಿಭಾಗದಲ್ಲಿದೆ, ಅದನ್ನು ಅಳವಡಿಸುವ ಕೌಶಲ ಗ್ರಂಥಪಾಲರಲ್ಲಿದೆ, ಇವೆರಡೂ ಒಂದೇ ಮೇಜಿನ ಮುಂದೆ ಕೂಡಬೇಕು. ಮೂರು: ಇಲ್ಲಿ ಸೂಚಿಸಿದ ಕ್ರಮಗಳಲ್ಲಿ ಹೆಚ್ಚಿನವು ಹಣಕ್ಕಿಂತ ಮಿಗಿಲಾಗಿ ವೇಳೆಯನ್ನು ಬೇಡುತ್ತವೆ. ಕನ್ನಡ ಅಧ್ಯಾಪಕರು ವಾರಕ್ಕೊಂದು ತರಗತಿಯನ್ನು ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿಯೇ ನಡೆಸುವುದು ಇದಕ್ಕೆ ಸೂಕ್ತ ಆರಂಭವಾಗಬಹುದು.