ಹೂಮಳೆ ಕಾಯುವ ದಿನಗಳ ಶಿಲುಬೆಹಾದಿ

ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯನ್ನು ದಾಟುತ್ತದೆ. ಆಷಾಢದ ಮಳೆಗೆ ಮುಳುಗಿ, ಆಚೆಯವರನ್ನು ಆಚೆ, ಈಚೆಯವರನ್ನು ಈಚೆ ನಿಲ್ಲಿಸಿ ವರ್ಷ ವರ್ಷವೂ ಸುದ್ದಿಯಾಗುತ್ತಿದ್ದ ಸೇತುವೆ ಇದು. ಫಾಲ್ಗುಣ ಕಳೆಯುವ ಹೊತ್ತಿಗೆ ಅದರ ಕೆಳಗೆ ಬಂಡೆಗಳು ಬೆನ್ನು ತೋರಿಸಿ ಮಲಗಿರುತ್ತವೆ. ಎರಡೂ ಕಡೆಯ ಗುಡ್ಡಗಳಲ್ಲಿ ಕಾಫಿ ಗಿಡಗಳ ಎಲೆ ಜೋತುಬಿದ್ದಿದೆ. ಗೆಣ್ಣು ಗೆಣ್ಣಿಗೂ ಮೊಗ್ಗು ಕಟ್ಟಿದೆ, ಅರಳಲಿಕ್ಕೆ ಮಳೆ ಬೇಕು. ಒಂದಿಂಚು ಹೂಮಳೆ ಬಿದ್ದರೆ ರೊಬಸ್ಟಾ ವಾರದಲ್ಲಿ, ಅರೇಬಿಕಾ ಒಂಬತ್ತು ಹತ್ತು ದಿನದಲ್ಲಿ ಗುಡ್ಡಕ್ಕೆ ಗುಡ್ಡವನ್ನೇ ಬೆಳ್ಳಗೆ ಮಾಡುತ್ತದೆ. ಬೀಳದಿದ್ದರೆ ಪಂಪು ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಕುದುರೆಮುಖದ ಕಡೆಯ ಮೋಡ ನೋಡುತ್ತಾರೆ.

ಇಲ್ಲಿನ ಕ್ರೈಸ್ತರಿಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬರುವುದು ಈ ಕಾಯುವ ದಿನಗಳಲ್ಲೇ.

ಹೋದ ವರ್ಷ ಗರಿಗಳ ಭಾನುವಾರ ಮೆರವಣಿಗೆಯಲ್ಲಿ ಹಿಡಿದು ತಂದ ತೆಂಗಿನ ಗರಿಯನ್ನು ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಒಲೆಯ ಹೊಗೆ, ಮಳೆಗಾಲದ ಬೂಷ್ಟು ಎರಡನ್ನೂ ಕಂಡ ಗರಿ ಅದು. ತಪಸ್ಸುಕಾಲಕ್ಕೆ ಮುಂಚೆ ಅದು ಚರ್ಚಿಗೆ ವಾಪಸು ಬರುತ್ತದೆ. ಅದನ್ನೇ ಸುಟ್ಟು ಆ ಬೂದಿಯನ್ನು ಬೂದಿ ಬುಧವಾರ ಹಣೆಗೆ ಹಚ್ಚುತ್ತಾರೆ. ಯೇಸುವಿಗೆ ಜಯವೆಂದು ಗರಿ ಬೀಸಿದ ಊರೇ ವಾರ ಕಳೆಯುವ ಮೊದಲು ಅವನನ್ನು ಶಿಲುಬೆಗೆ ಹಾಕೆಂದು ಕೂಗಿತ್ತು. ಜಯಕಾರದ ಗರಿಯೇ ಬೂದಿಯಾಗಿ ಹಣೆಗೆ ಬಂದಾಗ, ಆ ಜನಜಂಗುಳಿ ಎಲ್ಲೋ ದೂರದ ಜೆರುಸಲೇಮಿನದು ಎಂದು ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಕಳಸ, ಮೂಡಿಗೆರೆ ಸೀಮೆಯ ತೋಟಗಳ ನಡುವಿನ ಚರ್ಚುಗಳು ದೊಡ್ಡವಲ್ಲ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಒಂದೆರಡು ಜೀಪು, ಹತ್ತಾರು ಬೈಕು. ಕೂಲಿಕಾರರ ಲೈನ್ ಮನೆಗಳಿಂದ ನಡೆದು ಬಂದವರ ಚಪ್ಪಲಿ ಮೆಟ್ಟಿಲ ಕೆಳಗೆ. ಒಳಗೆ ಮುಂದಿನ ಬೆಂಚುಗಳಲ್ಲಿ ತೋಟದ ಸಾಹುಕಾರರ ಮನೆಯವರು, ನಡುವೆ ರೈಟರ್, ಮೇಸ್ತ್ರಿ, ಶಾಲೆಯ ಟೀಚರು, ಹಿಂದೆ ನೆಲದ ಮೇಲೆ ಹಣ್ಣು ಕುಯ್ಯುವ ಹೆಂಗಸರು, ಅವರ ಮಕ್ಕಳು. ಯಾರೂ ಹೀಗೆ ಕೂರಿ ಎಂದು ಹೇಳಿದ್ದಲ್ಲ, ಹೇಳದೆಯೇ ಬಂದ ಏರ್ಪಾಡು. ದೇವರ ಮನೆಯೊಳಗೂ ತೋಟದ ನಕ್ಷೆ ಹೀಗೆ ಬಂದು ಕೂತಿರುವುದು ನನಗೆ ಪ್ರತಿ ಸಲವೂ ಚುಚ್ಚುತ್ತದೆ.

ಆದರೆ ಪೂಜೆ ಶುರುವಾಗುವುದೇ ತಪ್ಪೊಪ್ಪಿಗೆಯಿಂದ. ಎಲ್ಲರೂ ಎದ್ದು ನಿಂತು, ದೇವರ ಮುಂದೆ ಮಾತ್ರವಲ್ಲ, ಪಕ್ಕದಲ್ಲಿ ನಿಂತವರ ಮುಂದೆಯೂ, ತಾನು ಪಾಪಿ ಎಂದು ಬಾಯಿಬಿಟ್ಟು ಹೇಳಬೇಕು. ಮಾಡಿದ ಕೆಟ್ಟದ್ದಷ್ಟೇ ಅಲ್ಲ, ಮಾಡದೆ ಬಿಟ್ಟ ಒಳ್ಳೆಯದನ್ನೂ ಆ ಪ್ರಾರ್ಥನೆ ಲೆಕ್ಕಕ್ಕೆ ಹಿಡಿಯುತ್ತದೆ. ಮೂರು ಸಲ ಎದೆ ತಟ್ಟಿಕೊಳ್ಳುವಾಗ ಮುಂದಿನ ಬೆಂಚಿನಿಂದಲೂ ಹಿಂದಿನ ನೆಲದಿಂದಲೂ ಒಂದೇ ಸದ್ದು. ಕುಯ್ಲಿಗೆಂದು ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದು ಉಳಿದವರಿಗೆ ಕನ್ನಡ ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ಎದೆ ತಟ್ಟುವ ಹೊತ್ತು ಮಾತ್ರ ಅವರಿಗೆ ತಪ್ಪುವುದಿಲ್ಲ. ಹಣ್ಣಿನ ಮೂಟೆ ತೂಗುವಾಗ ಒಂದು ಕಿಲೋ ಒತ್ತಿ ಹಿಡಿದವನು, ಶನಿವಾರದ ಬಟವಾಡೆಯನ್ನು ಮನೆ ಮುಟ್ಟಿಸದೆ ಕುಡಿದವನು, ಮುಂಗಡದ ಲೆಕ್ಕವನ್ನು ಆಳಿಗೆ ತಿಳಿಯದ ಹಾಗೆ ಬರೆದವನು, ಮಗಳ ಓದು ಬಿಡಿಸಿ ಕುಯ್ಲಿಗೆ ಕಳಿಸಿದವಳು, ಎಲ್ಲರೂ ಅಲ್ಲಿದ್ದಾರೆ. ಕ್ರೈಸ್ತ ಆರಾಧನೆಯಲ್ಲಿ ನಾನು ನೆಚ್ಚಿಕೊಂಡಿರುವುದು ಇದನ್ನೇ: ಲೋಕ ಕೆಟ್ಟಿದೆ ಎಂದು ದೂರು ಹೇಳಲು ಅಲ್ಲಿ ಜಾಗವಿಲ್ಲ, ಆ ಕೇಡಿನಲ್ಲಿ ನನ್ನ ಪಾಲೆಷ್ಟು ಎಂದು ಮೊದಲು ಹೇಳಬೇಕು.

ಈ ಜನ ಗುಡ್ಡ ಹತ್ತಿ ಬಂದ ದಾರಿಗಳು ಬೇರೆ ಬೇರೆ. 19ನೇ ಶತಮಾನದಲ್ಲಿ ಕಾಫಿ ತೋಟಗಳು ಹರಡಿದಂತೆ ಕರಾವಳಿಯ ಕೊಂಕಣಿ ಕ್ರೈಸ್ತರು ಘಟ್ಟ ಹತ್ತಿದರು. ಕೆಲವರು ರೈಟರುಗಳಾಗಿ, ಕೆಲವರು ಬಡಗಿ, ಗಾರೆ ಕೆಲಸಕ್ಕೆ, ಮುಂದೆ ಕೆಲವರು ತೋಟದ ಒಡೆಯರೇ ಆಗಿ. ಅವರ ಹಿರಿಯರ ನೆನಪಿನಲ್ಲಿ ಇನ್ನೊಂದು ಬೂದಿ ಬುಧವಾರವಿದೆ. 1784ರಲ್ಲಿ ಟಿಪ್ಪುವಿನ ಸೈನ್ಯ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಆ ದಿನದಿಂದ ಎಂದು ಮನೆಮನೆಯಲ್ಲೂ ಹೇಳುತ್ತಾರೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಕರಾವಳಿಗೆ ಮರಳಿದರು. ತಮಿಳು ಮಾತಾಡುವ ಕೂಲಿಕಾರರು, ಹಾಸನ ಕಡೆಯ ಕನ್ನಡ ಕ್ರೈಸ್ತರು ಬಂದದ್ದು ಬೇರೆ ದಾರಿಯಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ತೀರ್ಥಹಳ್ಳಿ ಸೀಮೆಗೆ ಬೈಸಿಕಲ್ಲಿನ ಜೊತೆಗೇ ಬಂದ ಪಾದ್ರಿ ಜೀವರತ್ನಯ್ಯನ ನೆನಪಿರುತ್ತದೆ.

1963ರ ನವೆಂಬರಿನಲ್ಲಿ ಈ ತೋಟಗಳಿರುವ ಚಿಕ್ಕಮಗಳೂರು ಧರ್ಮಕ್ಷೇತ್ರವಾಯಿತು. ಅಲ್ಫೋನ್ಸಸ್ ಮಥಾಯಸ್ ಮೊದಲ ಧರ್ಮಾಧ್ಯಕ್ಷರು. ಅದಾದ ಕೆಲವೇ ವಾರಕ್ಕೆ, ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಪಾದ್ರಿಗಳು ಬೆನ್ನು ತಿರುಗಿಸಿ ನಿಂತು ಲ್ಯಾಟಿನಿನಲ್ಲಿ ಹೇಳುತ್ತಿದ್ದುದನ್ನು ಲೈನ್ ಮನೆಯ ಅಜ್ಜಿ ಕನ್ನಡದಲ್ಲಿ ಕೇಳುವಂತಾಯಿತು. ತನ್ನ ಪಾಪವನ್ನು ತನಗೇ ತಿಳಿಯುವ ಮಾತಿನಲ್ಲಿ ಹೇಳಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ನಿಲ್ಲದೆ ಹೋದ ಚರ್ಚುಗಳೂ ಇವೆ. ಕುದುರೆಮುಖ ಶಿಖರ ಹತ್ತುವ ಚಾರಣಿಗರು ಲೋಬೋ ಮನೆ ಎಂಬ ಪಾಳು ಮನೆಯ ಜಾಗ ದಾಟಿ, ತುದಿಯ ಸಮೀಪ ಮಾಡಿಲ್ಲದ ಕಲ್ಲುಗೋಡೆಗಳನ್ನು ಕಾಣುತ್ತಾರೆ. ಹಳೆಯ ಚರ್ಚು ಎಂದೇ ಅದಕ್ಕೆ ಹೆಸರು. ಹಾಸನದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಜನ ಅಲ್ಲಿಗೆ ಫೋಟೋ ತೆಗೆಯಲು ಹೋಗುತ್ತಾರೆ, ಅದು ಇರಲಿ. ಅಲ್ಲಿ ಒಮ್ಮೆ ಮಂಡಿಯೂರಿದವರು ಮನೆ ಮಠ ಕಳಕೊಂಡು ಎಬ್ಬಿಸಿಕೊಂಡು ಹೋದವರು ಎಂಬುದು ಫೋಟೋದಲ್ಲಿ ಬರುವುದಿಲ್ಲ.

ಈಸ್ಟರಿನ ಲೆಕ್ಕ ಹುಣ್ಣಿಮೆಯದು. ಹಾಗಾಗಿ ಹಲವು ವರ್ಷ ಪವಿತ್ರ ಗುರುವಾರದ ಸಂಜೆ ಸಿಲ್ವರ್ ಓಕ್ ಮರಗಳ ನಡುವೆ ದೊಡ್ಡ ಚಂದ್ರ ಇರುತ್ತಾನೆ. ಯೇಸು ತನ್ನ ಶಿಷ್ಯರಿಗೆ ಮಾಡಿದಂತೆ ಆ ಸಂಜೆ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಬಹಳ ಕಾಲ ಹನ್ನೆರಡೂ ಗಂಡಸರೇ. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಹೆಂಗಸರೂ ಆ ಸಾಲಿಗೆ ಬರಬಹುದು. ಹಣ್ಣು ಕುಯ್ಯುವ ಹಿರಿಯ ಹೆಂಗಸೊಬ್ಬಳನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಅವಳು ಸೀರೆಯ ಅಂಚಿನಲ್ಲಿ ಪಾದ ಮುಚ್ಚಿಕೊಂಡಳು.

“ಬ್ಯಾಡ ಫಾದರ್, ಹಿಮ್ಮಡಿಯೆಲ್ಲ ಒಡೆದೋಗದೆ.”

“ಕೂತ್ಕೊಳಿ ಅಮ್ಮ. ಪೇತ್ರನೂ ಹೀಗೇ ಬೇಡ ಅಂದಿದ್ದ.”

ಉಂಬಳ ಕಚ್ಚಿದ ಕಪ್ಪು ಕಲೆಗಳು, ಮಣ್ಣು ಕೂತು ಎಷ್ಟು ತಿಕ್ಕಿದರೂ ಹೋಗದ ಬಿರುಕುಗಳು. ಪಾದ್ರಿಗಳು ನೆಲದ ಮೇಲೆ ಮಂಡಿಯೂರಿ ಹಿತ್ತಾಳೆ ಹೂಜಿಯಿಂದ ನೀರು ಬಿಟ್ಟರು, ಟವೆಲಿನಿಂದ ಒರೆಸಿದರು, ಬಗ್ಗಿ ಆ ಪಾದಕ್ಕೆ ಮುತ್ತಿಟ್ಟರು. ಅವಳಿಗೆ ಕೂಲಿ ಕೊಡುವವರು ಮುಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಆ ನೋಟದಿಂದ ಕೂಲಿ ಏರಿತು ಎಂದು ನಾನು ಹೇಳಲಾರೆ. ಆದರೆ ತೋಟದಲ್ಲಿ ಎಂದೂ ಅವಳ ಕಾಲಿನ ಮಟ್ಟಕ್ಕೆ ಯಾರೂ ಬಗ್ಗಿರಲಿಲ್ಲ. ಎಲ್ಲರ ಕಣ್ಣೆದುರಿಗೆ ಒಂದು ಸಲ ಬಗ್ಗಿದ್ದು ಬಗ್ಗದಿದ್ದಂತೆ ಆಗುವುದಿಲ್ಲ.

ಪೂಜೆ ಮುಗಿದ ಮೇಲೆ ಪೀಠದ ಬಟ್ಟೆ ತೆಗೆದು ಬರಿದು ಮಾಡುತ್ತಾರೆ. ಶನಿವಾರ ರಾತ್ರಿಯವರೆಗೆ ಗಂಟೆ ಬಾರಿಸುವುದಿಲ್ಲ, ಮರದ ಹಲಗೆ ಬಡಿಯುತ್ತಾರೆ. ಶುಭ ಶುಕ್ರವಾರ ಬಲಿಪೂಜೆಯೂ ಇಲ್ಲ.

ಶುಕ್ರವಾರದ ಶಿಲುಬೆಹಾದಿ ರಸ್ತೆಯಲ್ಲಿ ಶುರುವಾಗಿ ತೋಟದ ದಾರಿಗೆ ತಿರುಗಿ ಗುಡ್ಡ ಹತ್ತುತ್ತದೆ. ಹಲಸಿನ ಮರ, ಪಲ್ಪರ್ ಶೆಡ್ಡು, ಒಣಗಿದ ತೋಡು, ಕಣದ ಮೂಲೆ, ಹೀಗೆ ಹದಿನಾಲ್ಕು ಕಡೆ ನಿಲ್ಲುತ್ತಾರೆ. ಹುಡುಗರು ಹೊತ್ತ ಶಿಲುಬೆಯೂ ತೋಟದ ಮರದ್ದೇ. ಯೇಸು ಮೂರನೆಯ, ಏಳನೆಯ, ಒಂಬತ್ತನೆಯ ನಿಲುಗಡೆಗಳಲ್ಲಿ ಬೀಳುತ್ತಾನೆ. ಒಂದು ಸಲ ಬಿದ್ದು ಎದ್ದರೆ ಕಥೆ ಸರಳವಾಗುತ್ತಿತ್ತು. ಎದ್ದವನು ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಕುಡಿತ ಬಿಡುತ್ತೇನೆಂದು ಪ್ರತಿ ತಪಸ್ಸುಕಾಲ ಹರಕೆ ಹೊತ್ತು, ಹಬ್ಬದ ಮಾರನೆಯ ದಿನವೇ ಸೋಲುವ ಗಂಡಸರು ಈ ಮೆರವಣಿಗೆಯಲ್ಲಿದ್ದಾರೆ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ, ಬಾಟಲಿಯ ಕುಡಿತ ನಿಲ್ಲಲಿಲ್ಲ. ಮೂರನೆಯ ಸಲ ಬಿದ್ದವನ ಮುಂದೆ ಮಂಡಿಯೂರುವಾಗ ಅವರಿಗೆ ಏನನ್ನಿಸುತ್ತದೋ ಅದನ್ನು ಬೇರೆಯವರು ಹೇಳಲಾಗದು.

ಐದನೆಯ ನಿಲುಗಡೆಯಲ್ಲಿ ಸಿರೇನ್ಯದ ಸಿಮೋನ ಬರುತ್ತಾನೆ. ಹೊಲದ ಕಡೆಯಿಂದ ಊರಿಗೆ ಬರುತ್ತಿದ್ದವನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದರೆಂದು ಸುವಾರ್ತೆ ಹೇಳುತ್ತದೆ. ಅವನು ತಾನಾಗಿ ಬಂದವನಲ್ಲ, ತನ್ನ ಪಾಡಿಗೆ ದಾರಿಯಲ್ಲಿ ಬರುತ್ತಿದ್ದವನ ಹೆಗಲಿಗೆ ಹೊರೆ ಬಂದು ಬಿತ್ತು. ಐವತ್ತು ಕಿಲೋ ಮೂಟೆ ಬೆನ್ನಿಗೇರಿಸಿ ಏರು ಹತ್ತಿದವರಿಗೆ ಸಿಮೋನನ ಬಗ್ಗೆ ಉಪದೇಶ ಬೇಕಿಲ್ಲ.

ಸಾಲು ರಜೆಯ ದಿನವಾದ್ದರಿಂದ ಅವತ್ತು ಹೊರನಾಡಿನ ರಸ್ತೆ ಯಾತ್ರಿಕರ ವಾಹನಗಳಿಂದ ತುಂಬಿರುತ್ತದೆ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬೆಂಗಳೂರು, ಮೈಸೂರು, ದಾವಣಗೆರೆಯಿಂದ ಬಂದವರು. ಬಸ್ಸು ತಿರುವಿನಲ್ಲಿ ನಿಂತು ಮೆರವಣಿಗೆಗೆ ದಾರಿ ಬಿಡುತ್ತದೆ, ಕಿಟಕಿಯಿಂದ ಯಾರೋ ಕೈ ಮುಗಿಯುತ್ತಾರೆ. ಮೆರವಣಿಗೆಯ ಅಜ್ಜಿಯೂ ಜಪಸರ ಹಿಡಿದ ಕೈಯನ್ನೇ ಎತ್ತಿ ಮುಗಿಯುತ್ತಾಳೆ. ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸದ ಅಮ್ಮನವರ ಊರಿನ ಗಾಳಿಯಲ್ಲಿ ಬೆಳೆದವಳು ಅವಳು. ಒಂದೇ ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚುವ ತನ್ನ ಬಲಿಪೂಜೆಯ ಅರ್ಥ ಅವಳಿಗೆ ಸುಲಭವಾಗಿ ಒಗ್ಗಿದ್ದರಲ್ಲಿ ಈ ಕಣಿವೆಯ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಮಧ್ಯಾಹ್ನದ ಆರಾಧನೆಯಲ್ಲಿ ಹತ್ತು ದೊಡ್ಡ ಪ್ರಾರ್ಥನೆಗಳಿವೆ. ಸಭೆಗಾಗಿ, ಯೆಹೂದಿಗಳಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ಆಳುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ. 2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬದ ದಿನವೇ ಕರಾವಳಿಯಲ್ಲೂ ಈ ಜಿಲ್ಲೆಯಲ್ಲೂ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತಿತು, 2011ರಲ್ಲಿ ವರದಿ ಕೊಟ್ಟಿತು. ದಾಳಿಯಾದ ಮೇಲಿನ ಶುಭ ಶುಕ್ರವಾರಗಳಲ್ಲಿ ಆ ಹತ್ತರಲ್ಲಿ ಒಂದನ್ನೂ ಯಾರೂ ಬಿಡಲಿಲ್ಲ. ಕಲ್ಲು ಬಿದ್ದ ಕಿಟಕಿಯ ಕೆಳಗೆ ನಿಂತು ತಮ್ಮ ನಂಬಿಕೆಯವರಲ್ಲದವರ ಒಳಿತಿಗೆ ಬೇಡುವುದು ಬಾಯಿಮಾತಿನ ಕೆಲಸವಲ್ಲ. ಆ ದಿನ ಮುಗಿದ ಮೇಲೆ ಎಲ್ಲರಿಗೂ ಗಂಜಿ, ಉಪ್ಪಿನಕಾಯಿ.

ಶನಿವಾರ ರಾತ್ರಿ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರೆ. ಸವರಿದ ಕಾಫಿ ರೆಂಬೆಗಳು, ಒಣ ಪುಳ್ಳೆ. ಆ ಬೆಂಕಿಯಿಂದ ಪಾಸ್ಕ ಮೇಣದಬತ್ತಿ, ಅದರಿಂದ ಎಲ್ಲರ ಕೈಯ ಬತ್ತಿ. ದೀಪ ಹಾಕದ ಚರ್ಚಿನೊಳಗೆ ನಿಂತು ಹಾಡುವ ಪುರಾತನ ಸ್ತುತಿಗೀತೆಯೊಂದಿದೆ. ಅದು ಮೇಣ ಕೊಟ್ಟ ಜೇನುನೊಣಗಳ ದುಡಿಮೆಯನ್ನು ಮರೆಯದೆ ನೆನೆಯುತ್ತದೆ. ಅಷ್ಟಕ್ಕೇ ನಿಲ್ಲದೆ, ಇಂಥ ರಕ್ಷಕನನ್ನು ತಂದಿತಲ್ಲ ಎಂದು ಆದಾಮನ ಪಾಪವನ್ನೇ ಭಾಗ್ಯವೆಂದು ಕರೆಯುವ ಧೈರ್ಯ ಮಾಡುತ್ತದೆ. ರೊಬಸ್ಟಾ ಬೆಳೆಯುವವರಿಗೆ ಜೇನಿನ ಮಾತು ಬೇಗ ತಾಗುತ್ತದೆ. ರೊಬಸ್ಟಾ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟದು, ಬೇರೆ ಗಿಡದ ಪರಾಗವನ್ನು ಗಾಳಿಯೋ ತುಡುವೆ, ಹೆಜ್ಜೇನೋ ತಂದು ಮುಟ್ಟಿಸಬೇಕು.

ಈಚೆಗಿನ ಒಂದು ಈಸ್ಟರ್ ಹಬ್ಬದಲ್ಲಿ ಹೂಮಳೆ ಮುಂಚೆಯೇ ಬಿದ್ದಿತ್ತು. ತೆರೆದ ಬಾಗಿಲಿನಿಂದ ಕಾಫಿ ಹೂವಿನ ಘಮ ಒಳಗೆ ಬರುತ್ತಿತ್ತು, ಧೂಪದ ಹೊಗೆಗಿಂತ ಗಟ್ಟಿಯಾಗಿ. ಬೇಲಿ ಸರಿಸಿದ ವಿಷಯಕ್ಕೆ ಮೂಡಿಗೆರೆ ಕೋರ್ಟಿನಲ್ಲಿ ಕೇಸು ಹಾಕಿಕೊಂಡ ಅಣ್ಣ ತಮ್ಮ ಎಂದಿನಂತೆ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಪರಸ್ಪರ ಸಮಾಧಾನ ಹೇಳುವ ಹೊತ್ತು ಬಂದಾಗ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಕೈ ಮುಗಿದರು. ಅಣ್ಣ ತನ್ನ ಸಾಲು ಬಿಟ್ಟು ನಡುವಿನ ಹಾದಿಗೆ ಬಂದ. ತಮ್ಮ ತಲೆ ಎತ್ತಲಿಲ್ಲ, ಅವನ ಹೆಂಡತಿ ಎತ್ತಿದಳು. ಅಣ್ಣ ಅವಳಿಗೇ ಕೈ ಮುಗಿದು ತನ್ನ ಜಾಗಕ್ಕೆ ಹೋದ. ಬೆಳಿಗ್ಗೆ ಅಣ್ಣನ ಮನೆಯಿಂದ ತಮ್ಮನ ಮನೆಗೆ ಒಂದು ಪಾತ್ರೆ ಸಾನ್ನ, ಮೇಲೆ ಬಾಳೆಲೆಯಲ್ಲಿ ಕಟ್ಟಿದ ಹಂದಿ ಮಾಂಸದ ಪಲ್ಯ ಹೋಯಿತು. ಪಾತ್ರೆ ಸಂಜೆಗೆ ತೊಳೆದು ವಾಪಸು ಬಂತು, ಒಳಗೆ ನಾಲ್ಕು ಮೊಟ್ಟೆ ಇತ್ತು. ಕೇಸಿನ ಮುಂದಿನ ತಾರೀಕು ಜೂನಿಗೆ ಬಿದ್ದಿದೆ.